ಉಗುರು ಬೆಚ್ಚಗೆ ಎಂದರೆ ಯಾರ ಉಗುರು?

ನಮ್ಮ ಮನೆಯ ಬಚ್ಚಲಿಗೆ ಹೋದ ನೆಂಟರು ಹೊರಗೆ ಬರುವಾಗ ಒಂದು ಪ್ರಶ್ನೆ ಹಿಡಿದುಕೊಂಡೇ ಬರುತ್ತಾರೆ. ಮಹಡಿ ಮೇಲಿನ ಸೋಲಾರಿನಿಂದ ನಲ್ಲಿಗೆ ಇಳಿಯುವ ಪೈಪಿನ ಮೇಲೆ ಕಪ್ಪು ಪಟ್ಟಿಯ ಸುತ್ತು, ಅದರೊಳಗಿನಿಂದ ಹೊರಟ ತೆಳ್ಳನೆಯ ವೈರು, ಕನ್ನಡಿಯ ಪಕ್ಕದಲ್ಲಿ ಕೆಂಪು ಅಂಕಿ ಮಿನುಗುವ ಬೆಂಕಿಪೊಟ್ಟಣದಷ್ಟು ಡಬ್ಬಿ. ಮೊನ್ನೆ ಮಾಗಡಿಯಿಂದ ಬಂದಿದ್ದ ನಮ್ಮ ಅತ್ತಿಗೆ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಕೇಳಿದರು.

“ಏನ್ ರತ್ನಾ, ಬಚ್ಚಲಿಗೂ ಬೀಪಿ ನೋಡ್ತೀಯಾ?”

“ಬಚ್ಚಲಿಗೇ ಮೊದ್ಲು ನೋಡ್ಬೇಕು ಅತ್ತಿಗೆ” ಎಂದೆ.

ಅವರು ಅಡುಗೆಮನೆಗೆ ಹೋಗಿ ನಮ್ಮವ್ವನ ಕಿವಿಯಲ್ಲಿ “ನಿಮ್ ಮಗಳಿಗೆ ಒಸಿ ಜಾಸ್ತಿನೇ ಆಯ್ತು ಕಣತ್ತೆ” ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ನನಗೆ ಕೇಳಿಸಲಿ ಎಂದೇ ಪಿಸುಗುಟ್ಟಿದ್ದು. ಕೇಳಿಸಿದರೇನಂತೆ? ಯಾರು ಎಷ್ಟು ಮೂಗು ಮುರಿದರೂ ಆ ಸೆನ್ಸರನ್ನು ನಾನು ಬಿಚ್ಚುವುದಿಲ್ಲ. ಯಾಕೆ ಎಂದು ಅತ್ತಿಗೆಗೆ ಹೇಳಲಿಲ್ಲ, ಅವರಿಗೆ ಬಸ್ಸಿಗೆ ಹೊತ್ತಾಗಿತ್ತು. ನೀವಂತೂ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ಪೈಪಿಗೆ ಶಾಖ ಅಳೆಯುವ ಸೆನ್ಸರ್ ಕಟ್ಟುವುದೇ ನನ್ನ ಹೊಟ್ಟೆಪಾಡು. ರಾಮನಗರದಿಂದ ಸ್ಕೂಟರಿನಲ್ಲಿ ಹೊರಟು ಹಾರೋಹಳ್ಳಿಯ ಕಾರ್ಖಾನೆಗಳನ್ನೆಲ್ಲ ಸುತ್ತುತ್ತೇನೆ. ಬಾಯ್ಲರಿನ ಪೈಪು, ತಣ್ಣೀರಿನ ಪೈಪು, ಹಾಲು ತಂಪು ಮಾಡುವ ತೊಟ್ಟಿ, ಏಸಿಯ ಹೊಟ್ಟೆ, ಎಲ್ಲಕ್ಕೂ ನಾನು ಬೇಕು. ನೋಡುವವರಿಗೆ ಇದೊಂದು ಕೆಲಸದ ಹಾಗೆ ಕಾಣುವುದಿಲ್ಲ. ತಾಯತ ಕಟ್ಟಿದ ಹಾಗೆ ಕಟ್ಟಿ ಬರುವುದಕ್ಕೆ ಡಿಪ್ಲೊಮಾ ಯಾಕೆ ಬೇಕು ಎಂದು ನನ್ನ ಗಂಡನೇ ಮದುವೆಯ ಹೊಸದರಲ್ಲಿ ಕೇಳಿದ್ದರು. ಒಂದು ದಿನ ಜೊತೆಯಲ್ಲಿ ಕರೆದುಕೊಂಡು ಹೋಗಿ, ಛಾವಣಿಯ ಕೆಳಗಿನ ಪೈಪಿಗೆ ಏಣಿ ಹಾಕಿಸಿ, ಅವರ ಕೈಯಲ್ಲೇ ಕಟ್ಟಿಸಿದೆ. ಆಮೇಲೆ ಆ ಮಾತು ಎತ್ತಲಿಲ್ಲ.

ಈ ಕೆಲಸದ ಗುಟ್ಟು ಇಷ್ಟೇ: ಮುಟ್ಟಬೇಕು. ಪೈಪಿನ ಬಣ್ಣ, ತುಕ್ಕು ಎಲ್ಲ ಕೆರೆದು ಲೋಹ ಕಾಣುವಂತೆ ಮಾಡಬೇಕು. ಶಾಖ ದಾಟಿಸುವ ಬಿಳೀ ಪೇಸ್ಟು ಒಂದು ಚೂರು ಹಚ್ಚಬೇಕು. ಸೆನ್ಸರನ್ನು ಅದರ ಮೇಲೆ ಒತ್ತಿ, ಪಟ್ಟಿ ಬಿಗಿದು, ಗಾಳಿ ಆಡದ ಹಾಗೆ ಮೇಲೊಂದು ಹೊದಿಕೆ ಸುತ್ತಬೇಕು. ಒಂದು ಕೂದಲೆಳೆ ಸಂದು ಬಿಟ್ಟರೂ ಅದು ಪೈಪನ್ನು ಬಿಟ್ಟು ಗಾಳಿಯ ಸಮಾಚಾರ ಹೇಳುವುದಕ್ಕೆ ಶುರುಮಾಡುತ್ತದೆ. ಅಂಕಿ ಮಾತ್ರ ಮೊದಲಿನಷ್ಟೇ ಗಂಭೀರವಾಗಿ ಕಾಣುತ್ತಿರುತ್ತದೆ. ಹಾಗಾಗಿ ಯಾರೂ ಅನುಮಾನ ಪಡುವುದಿಲ್ಲ.

ಒಮ್ಮೆ ಆಯುಧಪೂಜೆಯ ಮಾರನೆಯ ದಿನ ಒಂದು ಕಾರ್ಖಾನೆಯಿಂದ ಗಾಬರಿಯ ಫೋನು ಬಂತು. ತಣ್ಣೀರಿನ ಪೈಪು ಇದ್ದಕ್ಕಿದ್ದಂತೆ ಬಿಸಿ ತೋರಿಸುತ್ತಿದೆ, ತಂಪು ಮಾಡುವ ಮಿಷನ್ನು ಎರಡೆರಡು ಹಾಕಿದರೂ ಇಳಿಯುತ್ತಿಲ್ಲ ಎಂದರು. ಹೋಗಿ ಹೊದಿಕೆ ಬಿಚ್ಚಿದೆ. ನನ್ನ ಪೇಸ್ಟು ಮಾಯವಾಗಿತ್ತು. ಅದರ ಜಾಗದಲ್ಲಿ ಪೈಪಿಗೆ ಅಡ್ಡಡ್ಡ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಸೆನ್ಸರನ್ನು ಹೂವಿನ ದಾರದಲ್ಲಿ ಸಡಿಲವಾಗಿ, ಅದಕ್ಕೆ ನೋವಾಗದ ಹಾಗೆ ಕಟ್ಟಲಾಗಿತ್ತು. ಹಬ್ಬಕ್ಕೆ ಪ್ಲಾಂಟ್ ತೊಳೆದ ಶಿವಲಿಂಗಯ್ಯನವರು ಗುಡೇಮಾರನಹಳ್ಳಿಯ ಕಡೆಯವರು, ಬಲು ಭಕ್ತರು. ಬಿಳೀ ಪೇಸ್ಟನ್ನು ಕಂಡು ಹೋದ ವರ್ಷದ ವಿಭೂತಿ ಎಂದುಕೊಂಡಿದ್ದರು.

“ಹಳೇದು ಒಣಗೋಗಿತ್ತು ಕಣವ್ವ. ಒರ್ಸ್ಬುಟ್ಟು ಹೊಸ್ದು ಹಚ್ದೆ. ಗಟ್ಟಿಯಾಗ್ ಒತ್ಬುಟ್ಟಿದ್ರಿ ಪಾಪ ಅದುನ್ನ, ಒಸಿ ಸಡ್ಲ ಮಾಡ್ದೆ.”

ನಾನು ಹೇಗೆ ಕೋಪ ಮಾಡಿಕೊಳ್ಳಲಿ? ಒಳಗೆ ಪೇಸ್ಟು, ಹೊರಗೆ ವಿಭೂತಿ ಎಂದು ಅವತ್ತು ಇಬ್ಬರಿಗೂ ಒಪ್ಪಂದವಾಯಿತು. ಈಗ ಹಬ್ಬಕ್ಕೆ ಮೊದಲೇ ನಾನೇ ಹೋಗಿ ಹೊದಿಕೆಯ ಮೇಲೆ ಮೂರು ಗೆರೆ ಎಳೆದು ಬರುತ್ತೇನೆ. ಗೆರೆ ಸೊಟ್ಟ ಎಂದು ಶಿವಲಿಂಗಯ್ಯನವರು ತಿದ್ದುತ್ತಾರೆ. ತಿದ್ದಲಿ, ಒಳಗೆ ಕೈ ಹಾಕದಿದ್ದರೆ ಸಾಕು.

ನನ್ನ ಮೈ ಉರಿಯುವುದು ಭಕ್ತರನ್ನು ಕಂಡರೆ ಅಲ್ಲ. “ಇಷ್ಟೆಲ್ಲ ಯಾಕಮ್ಮ, ಕೈ ಇಟ್ಟು ನೋಡಿದ್ರೆ ಗೊತ್ತಾಗಲ್ವಾ?” ಎನ್ನುವವರನ್ನು ಕಂಡರೆ. ನಮ್ಮ ಹಿರಿಯರಿಗೆ ಸೆನ್ಸರಿತ್ತಾ, ಎಲ್ಲ ಕೈಯಲ್ಲೇ ಇತ್ತು ಎಂದು ಅವರು ಮೀಸೆ ತಿರುವುತ್ತಾರೆ. ಇತ್ತು ಸ್ವಾಮಿ, ಎಲ್ಲ ಕೈಯಲ್ಲೇ ಇತ್ತು. ಅಂಥ ಒಂದು ಕೈಯ ಕೆಳಗೆ ಬೆಳೆದವಳು ನಾನು.

ನಾವು ಚಿಕ್ಕವರಿದ್ದಾಗ ನಮ್ಮ ಮನೆಯ ಬಚ್ಚಲಲ್ಲಿ ಒಲೆಗೆ ಹೂತ ಹಂಡೆಯಿತ್ತು. ಹಬ್ಬದ ಹಿಂದಿನ ದಿನ ಎಣ್ಣೆನೀರು. ಹರಳೆಣ್ಣೆ ಹಚ್ಚಿಸಿಕೊಂಡು, ಕಣ್ಣು ಉರಿಸಿಕೊಂಡು, ಸೀಗೆಕಾಯಿ ವಾಸನೆಯಲ್ಲಿ ನಡುಗುತ್ತಾ ಕೂತ ನನ್ನನ್ನು ಅವ್ವ ಒಳಗಿಂದ ಕರೆಯುತ್ತಿದ್ದಳು.

“ಬಾರಮ್ಮಿ, ನೀರು ಉಗುರು ಬೆಚ್ಚಗೈತೆ.”

ಉಗುರು ಬೆಚ್ಚಗೆ! ಎಷ್ಟು ಮುದ್ದಾದ ಮಾತು. ಕೇಳಿದರೇನೇ ಮೈ ಹಗುರಾಗಬೇಕು. ನಾನು ಮಾತ್ರ ಆ ಮಾತು ಕಿವಿಗೆ ಬಿದ್ದದ್ದೇ ಹಿತ್ತಲಿಗೆ ಓಡುತ್ತಿದ್ದೆ. ಹಿಡಿದು ತಂದು ಕೂರಿಸಿ ಮೊದಲ ಚೊಂಬು ಹೊಯ್ದಳೆಂದರೆ ನಾನು ಕೂತಲ್ಲಿಂದ ಎಗರಿ ಗೋಡೆಗೆ ಅಂಟುತ್ತಿದ್ದೆ. “ಸುಡ್ತದೆ ಕಣವ್ವೋ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಅರಚುತ್ತಿದ್ದೆ. ಅವ್ವ ಹಂಡೆಯೊಳಗೆ ಮಣಿಕಟ್ಟಿನವರೆಗೆ ಕೈ ಬಿಟ್ಟು, ಅಲ್ಲೇ ಇಟ್ಟುಕೊಂಡು, ನನ್ನನ್ನೇ ಬೆರಗಿನಿಂದ ನೋಡುತ್ತಿದ್ದಳು. “ಎಲ್ಲೇ ಸುಡ್ತದೆ? ನೋಡು ನನ್ ಕೈನ.” ನೆರೆಯವರ ಎಣಿಕೆಯಲ್ಲಿ ನಾನು ಸುಳ್ಳಿ, ನಾಟಕದವಳು. ಇಂದಿಗೂ ನಮ್ಮ ಬೀದಿಯ ಮುದುಕಿಯರು ನನ್ನನ್ನು ಕಂಡರೆ “ಎಣ್ಣೆನೀರಿನ ಕುಣಿತ ಮರ್ತಿಲ್ಲ ಕಣೆ” ಎಂದು ನಗುತ್ತಾರೆ.

ಅವ್ವನ ಕೈಗೆ ಮಾತ್ರ ಊರಲ್ಲೆಲ್ಲ ಹೆಸರು. ಮದುವೆ, ತಿಥಿ ಯಾವುದಿದ್ದರೂ ಮುದ್ದೆ ಕಟ್ಟಲು ಶಿವಮ್ಮನೇ ಬರಬೇಕು. ಬೇರೆ ಹೆಂಗಸರು ನೀರಿನಲ್ಲಿ ಕೈ ಅದ್ದಿ ಅದ್ದಿ, ಉಫ್ ಉಫ್ ಎಂದು ಊದಿಕೊಳ್ಳುತ್ತಾ ಕಟ್ಟುವ ಹೊತ್ತಿನಲ್ಲಿ ಅವ್ವ ಕೊಳಗದಿಂದ ಕುದಿಯುವ ಹಿಟ್ಟನ್ನು ಬಗೆದು, ಒಂದು ಸಲ ಅಂಗೈಯಲ್ಲಿ ತಿರುಗಿಸಿ ಇಟ್ಟರೆ ನುಣ್ಣನೆಯ ಮುದ್ದೆ. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುವಳು. ಹೆಮ್ಮೆಯಿಂದ ನಾನು ಅವಳ ಹಿಂದೆಯೇ ನಿಂತಿರುತ್ತಿದ್ದೆ. ನನ್ನ ಕೈಗೆ ಆ ಗುಣ ಬರಲಿಲ್ಲ. ನಾನು ಕಟ್ಟಿದ ಮುದ್ದೆ ನೋಡಿ ನನ್ನ ಗಂಡ ಇದು ಯಾವ ತಾಲ್ಲೂಕಿನ ನಕ್ಷೆ ಎಂದು ಕೇಳುತ್ತಾರೆ.

ಇನ್ನೊಂದು ಸಂಗತಿ ಆಗ ನನಗೆ ವಿಶೇಷ ಎನ್ನಿಸಿರಲಿಲ್ಲ. ಜ್ವರ ಬಂದರೆ ಬೇರೆ ಮನೆಯ ಅವ್ವಂದಿರು ಹಣೆಯ ಮೇಲೆ ಕೈ ಇಡುತ್ತಿದ್ದರು. ನಮ್ಮವ್ವ ಬಗ್ಗಿ ತನ್ನ ಕೆನ್ನೆಯನ್ನು ನನ್ನ ಹಣೆಗೆ ಒತ್ತುತ್ತಿದ್ದಳು. ಅವಳ ಸೆರಗಿನಿಂದ ಬೇಯಿಸಿದ ರೇಷ್ಮೆಗೂಡಿನ ಹುಳದ ಘಾಟು ಬರುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ಇದ್ದು “ಹ್ಞೂಂ, ಸುಡ್ತಾ ಐತೆ” ಎನ್ನುತ್ತಿದ್ದಳು. ಅದು ಮುದ್ದು ಎಂದೇ ನಾನು ತಿಳಿದಿದ್ದೆ. ಜ್ವರವಿಲ್ಲದಾಗಲೂ ನರಳಿ ಆ ಕೆನ್ನೆಯನ್ನು ಸಂಪಾದಿಸಿಕೊಂಡಿದ್ದೇನೆ.

ಅವ್ವ ರೇಷ್ಮೆ ನೂಲು ಬಿಚ್ಚುವ ಕೆಲಸದವಳು. ಬೇಯಿಸಿದ ಗೂಡುಗಳನ್ನು ಬೇಸಿನ್ನಿನ ಬಿಸಿನೀರಿಗೆ ಹಾಕಿ, ಬೆರಳಲ್ಲಿ ಎಳೆ ಹುಡುಕಿ ಹುಡುಕಿ ರಾಟೆಗೆ ಕೊಡಬೇಕು. ಬೆಳಿಗ್ಗೆ ಅದ್ದಿದ ಕೈ ಸಂಜೆ ಎತ್ತುವುದು. ಗೂಡನ್ನು ಮೊದಲೇ ಹದವಾಗಿ ಬೇಯಿಸಿದ್ದರೆ ಬೇಸಿನ್ನಿನ ನೀರು ಉಗುರು ಬೆಚ್ಚಗಿದ್ದರೆ ಸಾಕು, ಎಳೆ ತಾನಾಗಿ ಬರುತ್ತದೆ. ಬೇಯಿಸುವ ಕಡೆ ಆತುರ ಮಾಡಿದರೆ ಉಳಿದ ಬೇಯುವಿಕೆಯೆಲ್ಲ ಹೆಂಗಸರ ಕೈಯ ಕೆಳಗೇ ಆಗಬೇಕು. ಆಗ ಸ್ಟೀಮಿನ ವಾಲ್ವು ತಿರುಗಿಸುತ್ತಾರೆ. ನೀರು ಸುಡುತ್ತದೆ, ಎಳೆ ಸರಸರನೆ ಬರುತ್ತದೆ. ಒಂದು ದಿನ ಬುತ್ತಿ ಕೊಡಲು ಹೋದವಳು ಅವ್ವನ ಬೇಸಿನ್ನಿಗೆ ಬೆರಳು ಅದ್ದಿ ಕಿರುಚಿಕೊಂಡೆ. ಘಟಕದ ಮಾಲೀಕರು, ದೊಡ್ಡ ಸಾವ್ಕಾರರು, ಅಲ್ಲೇ ನಿಂತಿದ್ದರು. “ಉಗುರು ಬೆಚ್ಚಗೈತೆ ಅಷ್ಟೇಯ. ಇವಳ ಕೈ ಇನ್ನೂ ಎಳೇದು ಕಣ್ ಶಿವಮ್ಮ” ಎಂದು ನಕ್ಕರು. ಅವ್ವನೂ ನಕ್ಕಳು. ಬಚ್ಚಲಲ್ಲಿ ಅವಳು ಹೇಳುತ್ತಿದ್ದ ಮಾತು ಎಲ್ಲಿಂದ ಬಂದದ್ದೆಂದು ಆ ವಯಸ್ಸಿಗೆ ನನಗೇನು ಗೊತ್ತಾಗಬೇಕು?

ಡಿಪ್ಲೊಮಾ ಓದುವಾಗ ಒಂದು ಪಾಠವಿತ್ತು. ಬಹಳ ಕಾಲ ಅತಿ ಶಾಖದಲ್ಲಿಟ್ಟರೆ ಸೆನ್ಸರೂ ಕೆಡುತ್ತದೆ, ಆಮೇಲೆ ಎಲ್ಲವನ್ನೂ ಕಡಿಮೆ ತೋರಿಸಬಹುದು ಎಂದು ಮೇಷ್ಟ್ರು ಹೇಳಿದರು. ನಾನು ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. ಹಂಡೆ, ಮುದ್ದೆ, ಕೆನ್ನೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವ್ವನ ಕೈಯನ್ನು ಊರೆಲ್ಲ ಹೊಗಳಿದ್ದಕ್ಕೆ, ನಾನೂ ಹೊಗಳಿದ್ದಕ್ಕೆ, ಅವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯುವುದೂ ಬೇಡ.

ಈಗ ಈ ವರ್ಷದ ಮಾತು. ಅವ್ವ ದುಡಿದ ಅದೇ ರೇಷ್ಮೆ ಘಟಕದಿಂದ ನನಗೆ ಕರೆ ಬಂತು. ಈಗ ಅಲ್ಲಿ ದೊಡ್ಡ ಸಾವ್ಕಾರರ ಮಗ ನಂಜುಂಡಪ್ಪನವರು. ಬಾಯ್ಲರಿಗೆ ಸೌದೆ ಎಷ್ಟು ಹಾಕಿದರೂ ಸಾಲುತ್ತಿಲ್ಲ, ಶಾಖ ಎಲ್ಲಿ ಸೋರುತ್ತಿದೆ ನೋಡಬೇಕು, ಎಲ್ಲ ಕಡೆ ಸೆನ್ಸರ್ ಹಾಕು ಎಂದರು. ಸಂತೋಷದಿಂದ ಹಾಕಿದೆ. ಬಾಯ್ಲರಿನ ಬಾಯಿಗೆ, ಸ್ಟೀಮ್ ಪೈಪಿನ ತಿರುವುಗಳಿಗೆ, ಸಾಲಾಗಿ ಕೂತ ಒಂದೊಂದು ಬೇಸಿನ್ನಿನ ತಳಕ್ಕೆ. ಕೆರೆದು, ಪೇಸ್ಟು ಹಚ್ಚಿ, ಒತ್ತಿ, ಬಿಗಿದು, ಸುತ್ತಿ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವ ಪೈಪಿಗೂ ಕಟ್ಟಿರಲಿಲ್ಲ.

ಅಂಕಿ ತೋರಿಸುವ ಬೋರ್ಡು ಎಲ್ಲಿ ಹಾಕಬೇಕೆಂದು ಅವರು ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಬೇಸಿನ್ನುಗಳ ಎದುರಿನ ಗೋಡೆಗೆ, ಕೂತ ಹೆಂಗಸರ ಕಣ್ಣಿಗೆ ನೇರವಾಗಿ ಹಾಕಿದೆ. ಬೇಸಿನ್ನಿನ ಲೆಕ್ಕಕ್ಕೆ ಒಂದೊಂದು ಅಂಕಿ, ಮಿತಿ ದಾಟಿದರೆ ಮಿಣುಕುತ್ತದೆ. ಮಿತಿ ನಲವತ್ತೈದು ಡಿಗ್ರಿಗೆ ಇಟ್ಟೆ. ಚಾಲೂ ಮಾಡಿದ ಕ್ಷಣ ಇಡೀ ಗೋಡೆ ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ ಮಿಣುಕತೊಡಗಿತು. ಎಲ್ಲವೂ ಅರವತ್ತರ ಆಚೆ.

ಮೊದಲನೇ ಬೇಸಿನ್ನಿನ ಜಯಮ್ಮ ಕೈ ಎತ್ತಿದಳು. ಎತ್ತಿದ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

“ಯಾಕೆ ಜಯಮ್ಮ?” ಎಂದರು ನಂಜುಂಡಪ್ಪನವರು.

“ಬೋಲ್ಡು ಮಿಣುಕ್ತಾ ಐತೆ. ನಿಂತ್ಮೇಲೆ ಹಾಕ್ತೀನಿ.”

ಪಕ್ಕದವಳೂ ಕೈ ಎತ್ತಿದಳು. ಅದರ ಪಕ್ಕದವಳೂ. ರಾಟೆಗಳು ಒಂದೊಂದಾಗಿ ನಿಂತವು. ನಂಜುಂಡಪ್ಪನವರು ನನ್ನನ್ನು ಬಾಗಿಲಾಚೆ ಕರೆದರು.

“ಏನಮ್ಮಾ ರತ್ನಾ, ನಂಗೆ ತೋರ್ಸೋಕೆ ಹಾಕು ಅಂದ್ರೆ ಅವರ್ಗೆ ತೋರ್ಸೋಕೆ ಹಾಕಿದ್ಯಲ್ಲ?”

“ಕೈ ಅವರ್ದು ಸಾರ್, ಅದಕ್ಕೇ.”

“ನೋಡು, ಜಗಳ ಬ್ಯಾಡ. ಬೇಸಿನ್ ಕೆಳಗಡೆ ಇರೋದ್ನ ಬಿಚ್ಚಿ ಪಕ್ಕದ ತಣ್ಣೀರ್ ಪೈಪಿಗೆ ಕಟ್ಬುಡು. ಎಲ್ಲ ತಣ್ಣಗಾಯ್ತದೆ.”

ಈ ಕೆಲಸದಲ್ಲಿ ಇಂಥ ಬೇಡಿಕೆ ನನಗೆ ಹೊಸದಲ್ಲ. ಸೆನ್ಸರಿಗೆ ಸುಳ್ಳು ಹೇಳಲು ಬರುವುದಿಲ್ಲ, ಹಾಗಾಗಿ ಜನ ಅದರ ಜಾಗ ಬದಲಾಯಿಸುತ್ತಾರೆ. “ಆಗಲ್ಲ ಸಾರ್” ಎಂದೆ. ಬೇರೆಯವರನ್ನು ಕರೆಸುತ್ತೇನೆ ಎಂದರು. ಕರೆಸಿ ಎಂದೆ. ಹಾರೋಹಳ್ಳಿಯಲ್ಲಿ ನನಗೆ ಪರಿಚಯದವರು ಬಹಳ, ನಿನ್ನ ಕೆಲಸ ನಿಲ್ಲಿಸಬಲ್ಲೆ ಎಂದರು. ಆದರೂ ಆಗಲ್ಲ ಎಂದೆ.

“ನೀರು ಉಗುರು ಬೆಚ್ಚಗೈತೆ ಕಣಮ್ಮ! ನಿನ್ ಮಿಷನ್ನೇ ಸುಳ್ಳು.”

“ಯಾರ ಉಗುರು ಸಾರ್?”

ಅವರು ಬಾಗಿಲಿನಿಂದ ಒಳಗಿನ ಬೇಸಿನ್ನುಗಳತ್ತ ನೋಡಿದರು. ಆಮೇಲೆ ಮುಖ ಅರಳಿತು. “ಸರಿ. ನಿಮ್ಮವ್ವನ್ನೇ ಕರ್ಕೊಂಡ್ ಬಾ. ಶಿವಮ್ಮನ ಕೈ ಅಂದ್ರೆ ಈ ಜಾಗಕ್ಕೇ ಗೊತ್ತು. ಅವಳು ಕೈ ಹಾಕಿ ಬಿಸಿ ಅಂದ್ರೆ ಬಿಸಿ, ವಾಲ್ವ್ ಇಳಿಸ್ತೀನಿ. ಬೆಚ್ಚಗೈತೆ ಅಂದ್ರೆ ನಿನ್ ಬೋರ್ಡು ನನ್ ರೂಮಿಗೆ. ಆಯ್ತಾ?”

ಒಳಗಿನ ಹೆಂಗಸರೆಲ್ಲ ಕೇಳಿಸಿಕೊಂಡರು. ಶಿವಮ್ಮನ ಹೆಸರಿಗೆ ತಲೆಯಾಡಿಸಿದರು. ಜಯಮ್ಮ ಅವ್ವನ ಪಕ್ಕದಲ್ಲೇ ಕೂತು ಕೆಲಸ ಕಲಿತವಳು, ಅವಳಿಗಂತೂ ನಂಬಿಕೆಯೋ ನಂಬಿಕೆ. ನಂಬಿಕೆ ಇಲ್ಲದಿದ್ದವಳು ನಾನೊಬ್ಬಳೇ. ಆ ಕೈಗೆ ಕುದಿಯುವ ಕೊಳಗವೂ ಬೆಚ್ಚಗೇ. ನಂಜುಂಡಪ್ಪನವರಿಗೂ ಅದು ಚೆನ್ನಾಗಿ ಗೊತ್ತಿತ್ತು, ಅವ್ವನ ಮುದ್ದೆ ಉಂಡು ಬೆಳೆದವರೇ ತಾನೆ.

ಸ್ಕೂಟರಿನಲ್ಲಿ ಅವ್ವನನ್ನು ಕೂರಿಸಿಕೊಂಡು ಬರುವಾಗ ನಡೆದದ್ದನ್ನೆಲ್ಲ ಹೇಳಿದೆ. “ಬಿಸಿ ಅನ್ನವ್ವ” ಎಂದು ಹೇಳಿಕೊಡಬಹುದಿತ್ತು. ನಾಲಿಗೆ ಏಳಲಿಲ್ಲ. ಊರಿನ ಪೈಪುಗಳಿಗೆಲ್ಲ ನಿಜ ಹೇಳಿಸುವವಳು ಹೆತ್ತವಳ ಬಾಯಲ್ಲಿ ಕಲಿಸಿದ ಮಾತು ಆಡಿಸುವುದು ಹೇಗೆ? ಅವ್ವ ಹಿಂದೆ ಸೆರಗು ಹೊದ್ದು ನನಗೆ ಒರಗಿ ಕೂತಿದ್ದಳು. ನಿದ್ದೆ ಹೋಗಿದ್ದಾಳೋ ಎಂದು ಎರಡು ಸಲ ತಿರುಗಿ ನೋಡಿದೆ.

“ಏನ್ ಶಿವಮ್ಮ, ಚೆನ್ನಾಗಿದ್ದೀಯಾ? ಒಸಿ ಕೈ ಹಾಕಿ ನೋಡು” ಎಂದರು ನಂಜುಂಡಪ್ಪನವರು, ತಾವೇ ಸ್ಟೂಲು ಎಳೆದು ಕೊಡುತ್ತಾ.

ಅವ್ವ ಬೇಸಿನ್ನಿನ ಮುಂದೆ ಕೂತಳು. ತನ್ನ ಹಳೆಯ ಜಾಗದಲ್ಲೇ ಕೂತಂತೆ ಕೂತಳು. ಬಳೆ ಹಿಂದಕ್ಕೆ ಸರಿಸಿ ಕೈ ಅದ್ದಿದಳು. ಅಭ್ಯಾಸದ ಬೆರಳುಗಳು ತಾವಾಗಿ ಒಂದು ಎಳೆ ಹುಡುಕಿ ಹಿಡಿದವು. ಗೋಡೆಯಲ್ಲಿ ಅಂಕಿ ಮಿಣುಕುತ್ತಲೇ ಇತ್ತು. ಅವ್ವನ ಮುಖದಲ್ಲಿ ಏನೂ ಇಲ್ಲ. ಕೈ ಎತ್ತುವ ಅವಸರವೂ ಇಲ್ಲ. ಸಾವ್ಕಾರರ ತುಟಿಯಂಚಿನಲ್ಲಿ ನಗು ಕಾಣಿಸಿಕೊಂಡಿತು.

“ಉಗುರು ಬೆಚ್ಚಗೈತೆ” ಎಂದಳು ಅವ್ವ.

ಜಯಮ್ಮ ಮುಖ ಕೆಳಗೆ ಹಾಕಿದಳು. ನಾನು ಟೂಲ್ ಬ್ಯಾಗಿನ ಜಿಪ್ಪು ಎಳೆಯತೊಡಗಿದೆ.

“ನಂಗೆ ಯಾವಾಗ್ಲೂ ಹಂಗೇಯ” ಅವ್ವ ಮಾತು ಮುಗಿಸಿರಲಿಲ್ಲ. “ಈ ಕೈನ ಏನ್ ಕೇಳ್ತೀರಿ ಚಿಕ್ ಸಾವ್ಕಾರ್ರೇ? ಇದು ನಿಮ್ಮಪ್ಪಾರ್ ಕಾಲಕ್ಕೇ ಸತ್ತೋಯ್ತು. ಮಕ್ಕಳ ಜರಾನೂ ಗೊತ್ತಾಗ್ಲಿಲ್ಲ ನಂಗೆ ಈ ಕೈಲಿ. ಕೆನ್ನೆ ಇಟ್ಟು ನೋಡ್ತಿದ್ದೆ.”

ಹೇಳುತ್ತಲೇ ಸೆರಗಿನ ತುದಿಯನ್ನು ಬೇಸಿನ್ನಿಗೆ ಅದ್ದಿ ಎತ್ತಿದಳು. ಅದರಿಂದ ಹಬೆ ಏಳುತ್ತಿತ್ತು. ಎದ್ದು ನಿಂತು, ಮಗುವಿನ ಮುಖ ಒರೆಸುವವಳ ಹಾಗೆ ಅದನ್ನು ಮುಂದಕ್ಕೆ ಹಿಡಿದಳು.

“ಕೆನ್ನೆ ಕೊಡಿ.”

ನಂಜುಂಡಪ್ಪನವರು ಹಿಂದಕ್ಕೆ ಸರಿದರು. ಬೇಕೆಂದು ಸರಿದದ್ದಲ್ಲ, ಕಾಲು ತಾನೇ ಸರಿಯಿತು. ಬೆನ್ನು ಗೂಡಿನ ಟ್ರೇಗಳಿಗೆ ಬಡಿದು ಒಂದಷ್ಟು ಗೂಡು ನೆಲಕ್ಕೆ ಉರುಳಿದವು. ಇಡೀ ಶೆಡ್ಡು ನೋಡಿತು. ಜಯಮ್ಮ ಎದ್ದು ಸ್ಟೀಮಿನ ವಾಲ್ವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಇಳಿಸಿದಳು. ನಂಜುಂಡಪ್ಪನವರು ಬಗ್ಗಿ ಉರುಳಿದ ಗೂಡು ಆರಿಸತೊಡಗಿದರು.

ಅಂಕಿ ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಹೆಂಗಸರು ಕೈ ಕಟ್ಟಿಕೊಂಡು ಗೋಡೆ ನೋಡುತ್ತಾ ಕೂತಿದ್ದರು. ಮಿಣುಕು ನಿಂತ ಬೇಸಿನ್ನಿನವಳು ಮಾತ್ರ ಕೈ ಹಾಕುವಳು. ಈಗ ಅಲ್ಲಿ ಗೂಡನ್ನು ಮೊದಲೇ ಹದವಾಗಿ ಬೇಯಿಸುತ್ತಾರೆ. ಸೌದೆಯ ವಿಷಯಕ್ಕೆ ಬಂದರೆ, ಶಾಖ ಸೋರುತ್ತಿದ್ದದ್ದು ಪೈಪಿನ ಮೂರು ತಿರುವುಗಳಲ್ಲಿ. ಹೊದಿಕೆ ಸುತ್ತಿಕೊಟ್ಟೆ.

ಅವ್ವನ ಬೆರಳಿಗೆ ಇದರಿಂದ ಏನೂ ಬರಲಿಲ್ಲ. ಹೋದದ್ದು ಹೋಯಿತು. ಈಗಲೂ ಸೋಲಾರಿನ ನೀರನ್ನು ಬಕೆಟ್ಟಿಗೆ ಬಿಟ್ಟು, ಕೈಯಾಡಿಸಿ, ಉಗುರು ಬೆಚ್ಚಗೈತೆ ಬಾರಮ್ಮಿ ಎನ್ನುತ್ತಾಳೆ. ನಾನು ಕನ್ನಡಿಯ ಪಕ್ಕದ ಡಬ್ಬಿ ನೋಡಿ, ತಣ್ಣೀರು ಬೆರೆಸಿ, ಆಮೇಲೆ ಕೂರುತ್ತೇನೆ. ಮಾತು ಬದಲಾಯಿಸು ಎಂದು ಅವಳಿಗೆ ಹೇಳಿಲ್ಲ. ಡಬ್ಬಿ ತೆಗೆಯೆಂದು ಅವಳೂ ಹೇಳಿಲ್ಲ.

ಹೋದ ವಾರ ನಂಜುಂಡಪ್ಪನವರ ಫೋನು ಬಂತು. ದನಿ ಬೆಣ್ಣೆಯಾಗಿತ್ತು.

“ರತ್ನಾ, ಆ ಬೋರ್ಡು ಯಾಕೋ ಒಸಿ ಜಾಸ್ತಿನೇ ತೋರಿಸ್ತಾ ಐತೆ ಅನ್ಸುತ್ತೆ ಕಣಮ್ಮ. ಬಂದು ಒಸಿ ತಿದ್ದಿ ಹೋಗ್ತೀಯಾ?”

“ಬತ್ತೀನಿ ಸಾರ್. ಅವ್ವನ್ನೂ ಕರ್ಕೊಂಡ್ ಬರ್ಲಾ?”

ಆ ಕಡೆ ರಾಟೆಗಳ ಸದ್ದು ಕೇಳುತ್ತಿತ್ತು.

“ಬ್ಯಾಡ ಬುಡು. ಸರಿಯಾಗೇ ಐತೆ.”